ಸೆಡ್ಡು ಹೊಡೆಯೋದು ಅಂದ್ರ ಏನು?

ನಾವು ಬಿ.ಕಾಂ. ಓದಿ ಬ್ಯಾಂಕಿನಾಗ ಲೆಕ್ಕ ಬರೆಯೋರು, ಭಾಷಾ ಪಂಡಿತರಲ್ಲ. ಆದ್ರೂ ಒಂದು ಮಾತು ಹೇಳಲೇಬೇಕಾಗೇದ. ಮಿರಜ, ಸಾಂಗ್ಲಿ, ಜತ್ತ ಕಡೆಯ ನಮ್ಮ ಹುಡುಗರು ಬೆಂಗಳೂರಿನವರ ಮುಂದೆ ಬಾಯಿ ಬಿಡಾಕ ಹಿಂಜರಿತಾರ. 'ನಮ್ಮ ಕನ್ನಡದಾಗ ಮರಾಠಿ ಬೆರೆತದರಿ' ಅಂತಾರ.

ಬೆಂಗಳೂರಿನ ಪೇಪರ್ ತೆಗೀರಿ. ಚುನಾವಣೆ ಬಂತಂದ್ರ 'ಪಕ್ಷಕ್ಕೇ ಸೆಡ್ಡು ಹೊಡೆದ' ಅನ್ನೋ ತಲೆಬರಹ ಇದ್ದೇ ಇರ್ತದ. ಸಾಂಗ್ಲಿಯ ಮರಾಠಿ ಪೇಪರಿನಾಗ ಅದೇ 'ಶಡ್ಡೂ ಠೋಕಲಾ'. ಎರಡೂ ಒಂದೇ ಸಪ್ಪಳ. ಪೈಲ್ವಾನ ಮಣ್ಣಿಗಿಳಿದು, ತೊಡೆ-ತೋಳು ತಟ್ಟಿ, ಎದುರಾಳಿಯನ್ನ 'ಬಾ' ಅಂತ ಕರೆಯೋ ಸಪ್ಪಳ. ಜಾತ್ರೆಯ ಕುಸ್ತಿ ಕಣದಾಗ ಹಲಗಿ ಬಡಿತದ ನಡುವೆ ನಾವು ಅದನ್ನ ಕಿವಿಯಾರೆ ಕೇಳಿ ಬೆಳೆದೀವಿ. ತಲೆಬರಹ ಬರೆದವರು ಕೇಳ್ಯಾರೋ ಇಲ್ಲೋ!

ತಾಲೀಮು ಅನ್ನೋದೂ ಹಂಗ. ಅರಬ್ಬಿಯಲ್ಲಿ ಅದು ಕಲಿಸೋದು. ಮರಾಠಿಯವರಿಗೆ ತಾಲೀಮ್ ಅಂದ್ರ ಗರಡಿಮನೆ. ಕನ್ನಡದಾಗ ನಾಟಕಕ್ಕೂ ತಾಲೀಮು, ದಸರಾ ಆನೆಗೂ ತಾಲೀಮು. ಇನ್ನು ಪಟ್ಟು ಹಿಡಿಯೋದು, ಅಖಾಡಕ್ಕೆ ಇಳಿಯೋದು, ಮಣ್ಣು ಮುಕ್ಕಿಸೋದು ನಿಮಗ ಬಿಡಿಸಿ ಹೇಳೋದು ಬ್ಯಾಡ.

ಒಂದು ಗಾದೆ ಮಾತ್ರ ಬಿಡಿಸಲೇಬೇಕು. 'ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ.' ಸೋತರೂ ಜಂಬ ಬಿಡದವನಿಗೆ ಹೇಳ್ತೀವಿ. ಆದ್ರ ನಿಕಾಲಿ ಕುಸ್ತಿಯ ನಿಯಮ ನೆನಪಿಸ್ಕೊಳ್ರಿ: ಬೋರಲು ಬಿದ್ರೆ ಸೋಲಲ್ಲ, ಬೆನ್ನು ಮಣ್ಣಿಗೆ ಹತ್ತಿದ್ರ ಚಿತ್, ಕುಸ್ತಿ ಮುಗೀತು. ಬೋರಲು ಬಿದ್ದವನ ಮೀಸೆಗೆ ಮಣ್ಣು ಹತ್ತೇ ಹತ್ತತದ. ಮೀಸೆಗೆ ಮಣ್ಣು ಹತ್ತಿಲ್ಲ ಅಂದ್ರ ಅಂವ ಅಂಗಾತ ಬಿದ್ದಾನ! ಜಂಬದ ಮಾತೇ ಸೋಲಿನ ಸಾಕ್ಷಿ. ಕಣ ನೋಡದವರಿಗೆ ಈ ಗಾದೆಯ ಅರ್ಧ ನಗಿ ತಪ್ಪತದ, ಅನ್ನಸ್ತದ ನಮಗ.

1959ರಲ್ಲಿ ಮೊದಲ ಹಿಂದ್ ಕೇಸರಿ ಆದ ಶ್ರೀಪತಿ ಖಂಚನಾಳೆ ಹುಟ್ಟಿದ್ದು ಚಿಕ್ಕೋಡಿ ತಾಲೂಕಿನ ಎಕ್ಸಂಬಾದಾಗ, ಹೆಸರು ಮಾಡಿದ್ದು ಕೊಲ್ಲಾಪುರದಾಗ. 1962ರ ಜಕಾರ್ತಾ ಏಷ್ಯನ್ ಗೇಮ್ಸ್‌ನಾಗ ಚಿನ್ನ ಗೆದ್ದ ಮಾರುತಿ ಮಾನೆ ನಮ್ಮ ಸಾಂಗ್ಲಿ ಪಕ್ಕದ ಕವಠೆ ಪಿರಾನದವರು. ಪೈಲ್ವಾನರು ಗಡಿ ದಾಟಿ ಕುಸ್ತಿ ಹಿಡಿದ್ರು, ಮಾತುಗಳೂ ಅವರ ಬೆನ್ನಿಗೇ ದಾಟಿದ್ವು. ಅದನ್ನ ಕಲಬೆರಕೆ ಅಂತ ನಾವು ಯಾಕ ನಾಚಬೇಕು?

ಹೋದ ತಿಂಗಳು ನಮ್ಮ ಕೌಂಟರಿಗೆ ಜತ್ತ ಕಡೆಯ ಮುದುಕರೊಬ್ಬರು ಬಂದಿದ್ರು. ಬೆಳಿ ಹೆಂಗರೀ ಅಂದ್ವಿ. 'ಮಳಿ ಚಿತ್ ಮಾಡ್ತು ತಮ್ಮಾ, ಆದ್ರ ಇನ್ನೂ ಕಣ ಬಿಟ್ಟಿಲ್ಲ' ಅಂದ್ರು. ನಾವು ಪಾಸ್‌ಬುಕ್ಕಿನ ಜೊತಿಗೆ ಅದನ್ನೂ ಒಂದು ಚೀಟಿಯಾಗ ಬರ್ಕೊಂಡ್ವಿ. ನಿಮ್ಮ ಮನಿ ಅಜ್ಜಂದಿರು ಹೇಳೋ ಗರಡಿ ಮಾತು ಇದ್ರ ಕೆಳಗೆ ಬರೀರಿ, ಊರಿನ ಹೆಸರು ಸಹಿತ.