ಹಾಜರಿ ಪುಸ್ತಕದ ಹೆಸರು

ಕೊಟ್ಟೂರೇಶ್ವರರ ಸನ್ನಿಧಿಯ ಈ ಸೀಮೆಯಲ್ಲಿ ಒಂದೇ ತರಗತಿಯೊಳಗೆ ಇಬ್ಬರು ಮೂವರು ಕೊಟ್ರೇಶರು ದೊರೆಯುವುದು ಅಪರೂಪವಲ್ಲವಾದುದರಿಂದ, ಉಪಾಧ್ಯಾಯರು ಒಬ್ಬನನ್ನು ಊರಿನಿಂದಲೂ ಮತ್ತೊಬ್ಬನನ್ನು ಮನೆತನದಿಂದಲೂ ಕರೆದು, ದಾಖಲೆಯ ಹೆಸರನ್ನು ದಾಖಲೆಗೇ ಬಿಟ್ಟುಬಿಡುತ್ತಾರೆ. ಇದಕ್ಕಾಗಿ ಯಾರೂ ಸರ್ಕಾರದ ಆದೇಶವನ್ನು ನಿರೀಕ್ಷಿಸಿದವರಲ್ಲ. ಆದರೆ ಗಂಡೆಂದು ನೋಂದಣಿಯಾದ ಮಗುವೊಂದು ತನ್ನನ್ನು ಹೆಣ್ಣುಹೆಸರಿನಿಂದ ಕರೆಯಿರೆಂದು ಬೇಡಿದೊಡನೆಯೇ ಆ ಔದಾರ್ಯವು ಅಂತರ್ಧಾನವಾಗುತ್ತದೆ.

ನಮ್ಮ ನೆರೆಯ ಮರಿಯಮ್ಮನಹಳ್ಳಿಯನ್ನು ನೆಲೆಯಾಗಿಸಿಕೊಂಡ ಮಂಜಮ್ಮ ಜೋಗತಿಯವರು, ಹುಟ್ಟಿನೊಡನೆ ಬಂದ ಗಂಡುಹೆಸರನ್ನು ತೊರೆದು, ಜೋಗತಿ ನೃತ್ಯದಿಂದ ನಾಡಿಗೆಲ್ಲ ಪರಿಚಿತರಾಗಿ, 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷಪೀಠವನ್ನೇರಿದುದೂ, 2021ರಲ್ಲಿ ಪದ್ಮಶ್ರೀ ಪುರಸ್ಕಾರಕ್ಕೆ ಪಾತ್ರರಾದುದೂ ತಾವು ಧರಿಸಿದ ಹೆಸರಿನಿಂದಲೇ. ರಾಷ್ಟ್ರಪತಿ ಭವನದಲ್ಲಿ ಸಲ್ಲುವುದು ಹಡಗಲಿಯ ಶಾಲೆಯಲ್ಲಿ ಸಲ್ಲದೆ?

ತೃತೀಯಲಿಂಗಿಗಳ ಹಕ್ಕುರಕ್ಷಣೆಗೆಂದು 2019ರಲ್ಲಿ ರಚಿತವಾದ ಕಾಯಿದೆಯು, ಜಿಲ್ಲಾ ದಂಡಾಧಿಕಾರಿಗಳ ಪ್ರಮಾಣಪತ್ರದ ಆಧಾರದಿಂದ ದಾಖಲೆಗಳಲ್ಲಿ ಹೆಸರು ಬದಲಿಸಲು ಅವಕಾಶವಿತ್ತಿತಾದರೂ, ಅಪ್ರಾಪ್ತವಯಸ್ಕರ ಪರವಾಗಿ ತಂದೆತಾಯಿಯರೋ ಪಾಲಕರೋ ಅರ್ಜಿ ಸಲ್ಲಿಸಬೇಕೆಂದು ವಿಧಿಸಿತು. ಮನೆಯವರೇ ಒಪ್ಪದಿದ್ದಲ್ಲಿ, ಆ ಬಾಗಿಲು ಹದಿನೆಂಟರವರೆಗೂ ಮುಚ್ಚಿದಂತೆಯೇ, ಅಷ್ಟರೊಳಗೆ ಎಸ್.ಎಸ್.ಎಲ್.ಸಿ. ಅಂಕಪಟ್ಟಿಯು ಹಳೆಯ ಹೆಸರಿನಲ್ಲಿಯೇ ಮುದ್ರಿತವಾಗಿ ಕೈಸೇರಿರುತ್ತದೆ. ಅಂಕಪಟ್ಟಿಯ ಹೆಸರು ಕಾನೂನಿಗಾಗಿ ಕಾದಿರಲಿ. ಹಾಜರಿ ಕೂಗುವ ಗುರುಗಳ ನಾಲಗೆಗೆ ಯಾವ ಪ್ರಮಾಣಪತ್ರವೂ ಬೇಕಾಗಿಲ್ಲ.