ಸೂಲಗಿತ್ತಿಯ ಸೆಳೆತ, ಮಂಗಳನ ಸೆಳೆತ
(ಮಾಸಿಕ ಶಿವಾನುಭವ ಗೋಷ್ಠಿಯಲ್ಲಿ ನೀಡಿದ ಉಪನ್ಯಾಸ)

 

ಇಂದು ಮಾತನಾಡಬೇಕಾದ ವಿಷಯ ಖಗೋಳ ವಿಜ್ಞಾನದ ಮೊದಲ ಪಾಠ. ಅಂದರೆ ಕಾಲೇಜಿನಲ್ಲಿ ಒಂದೇ ಸೆಮಿಸ್ಟರಿನಲ್ಲಿ ಮುಗಿಯುವ ಪ್ರಾಥಮಿಕ ಪಠ್ಯಕ್ರಮ. ಅಮೆರಿಕದ ಕಾಲೇಜುಗಳಲ್ಲಿ ಇದಕ್ಕೆ 'ಅಸ್ಟ್ರೋ 101' ಎನ್ನುತ್ತಾರೆ. ಅಲ್ಲಿ ಈ ತರಗತಿಯಲ್ಲಿ ಕೂರುವವರಲ್ಲಿ ಹೆಚ್ಚಿನವರು ವಿಜ್ಞಾನದ ವಿದ್ಯಾರ್ಥಿಗಳಲ್ಲ. ಇತಿಹಾಸ, ಸಾಹಿತ್ಯ, ವಾಣಿಜ್ಯ ಓದುವವರು. ಯಾವ ಪದವಿಗೂ ಒಂದೆರಡು ವಿಜ್ಞಾನ ವಿಷಯ ಓದಲೇಬೇಕೆಂಬ ನಿಯಮ ಇರುವುದರಿಂದ ಇದನ್ನು ಆರಿಸಿಕೊಳ್ಳುತ್ತಾರೆ. ಅವರಲ್ಲಿ ಎಷ್ಟೋ ಜನರಿಗೆ ಬದುಕಿನಲ್ಲಿ ಇದೇ ಕೊನೆಯ ವಿಜ್ಞಾನ ತರಗತಿ. ಹೊರದೇಶಕ್ಕೆ ಓದಲು ಹೋಗುವ ನಮ್ಮ ಮಕ್ಕಳಿಗೂ ಈ ಅವಕಾಶ ಸಿಗುತ್ತದೆ. ಇಲ್ಲಿಯೇ ಇರುವವರಿಗೂ ಬಾಗಿಲು ಮುಚ್ಚಿಲ್ಲ. ಓಪನ್‌ಸ್ಟ್ಯಾಕ್ಸ್ ಸಂಸ್ಥೆ 2016ರಲ್ಲಿ ಹೊರತಂದ 'ಅಸ್ಟ್ರಾನಮಿ' ಎಂಬ ಪಠ್ಯಪುಸ್ತಕ ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತದೆ. ಅದನ್ನು ಓದಲು ಹೈಸ್ಕೂಲಿನ ಗಣಿತ ಸಾಕು. ಕನ್ನಡದಲ್ಲಿ ಆರ್.ಎಲ್. ನರಸಿಂಹಯ್ಯ, ಜಿ.ಟಿ. ನಾರಾಯಣರಾವ್ ಮುಂತಾದವರು ಆಕಾಶವನ್ನು ತಿಳಿಗನ್ನಡದಲ್ಲಿ ಬಿಡಿಸಿಟ್ಟಿದ್ದಾರೆ.

ಹಾಗಾದರೆ ಇದನ್ನು ಶಿವಾನುಭವ ಗೋಷ್ಠಿಯಲ್ಲಿ ಏಕೆ ಹೇಳಬೇಕು? ಬಸವಣ್ಣನವರು ತಿಥಿ, ವಾರ, ತಾರಾಬಲ, ಚಂದ್ರಬಲಗಳ ಹಂಗನ್ನು ಹರಿದರು. ಶರಣರಿಗೆ ಲಿಂಗದ ನೆನಹಾದ ದಿನವೇ ಶುಭದಿನ. ಇದು ನಮಗೆಲ್ಲ ಗೊತ್ತು. ಆದರೂ ನಮ್ಮ ಎಷ್ಟೋ ಮನೆಗಳಲ್ಲಿ ಇಂದಿಗೂ ಕೊರಳಲ್ಲಿ ಇಷ್ಟಲಿಂಗ, ಕೈಯಲ್ಲಿ ಜಾತಕ. ಹಿರಿಯರು ಜಾತಕ ತೋರಿಸೋಣ ಎಂದಾಗ 'ಶರಣರು ಬೇಡವೆಂದಿದ್ದಾರೆ' ಎಂದಷ್ಟೇ ಹೇಳಿದರೆ ಮಕ್ಕಳ ಮಾತು ನಿಲ್ಲುವುದಿಲ್ಲ. ಏಕೆ ಬೇಡ ಎಂಬುದನ್ನು ಲೆಕ್ಕವಿಟ್ಟು ತೋರಿಸುವ ಶಕ್ತಿ ಅವರಿಗೆ ಬೇಕು. ಆ ಶಕ್ತಿಯನ್ನು ಈ ಒಂದು ಸೆಮಿಸ್ಟರಿನ ಪಾಠ ಕೊಡುತ್ತದೆ.

ಈ ಪಾಠ ನಕ್ಷತ್ರಗಳ ಹೆಸರು ಬಾಯಿಪಾಠ ಮಾಡಿಸುವುದಕ್ಕಲ್ಲ. ಪ್ರತಿ ವಾರವೂ ಅದು ಕೇಳುವ ಪ್ರಶ್ನೆ ಒಂದೇ: ನಿನಗೆ ಹೇಗೆ ಗೊತ್ತು? ಉದಾಹರಣೆಗೆ, ಬೇಸಿಗೆ ಏಕೆ ಬರುತ್ತದೆ ಎಂದು ಕೇಳಿದರೆ ಬಹಳ ಜನ 'ಭೂಮಿ ಸೂರ್ಯನ ಹತ್ತಿರ ಹೋಗುವುದರಿಂದ' ಎನ್ನುತ್ತಾರೆ. ಅಳೆದು ನೋಡಿದರೆ ಭೂಮಿ ಸೂರ್ಯನಿಗೆ ಅತಿ ಹತ್ತಿರ ಇರುವುದು ಜನವರಿ ಮೊದಲ ವಾರದಲ್ಲಿ, ಸುಮಾರು 14.7 ಕೋಟಿ ಕಿಲೋಮೀಟರ್. ಅತಿ ದೂರ ಇರುವುದು ಜುಲೈನಲ್ಲಿ, ಸುಮಾರು 15.2 ಕೋಟಿ. ಋತುಗಳಿಗೆ ಕಾರಣ ದೂರವಲ್ಲ, ಭೂಮಿಯ ಅಕ್ಷದ ಓರೆ. ನಿಜವೆಂದು ನಂಬಿದ್ದನ್ನು ಅಳತೆಗೆ ಒಡ್ಡುವ ಅಭ್ಯಾಸ ಇಲ್ಲಿಂದ ಆರಂಭವಾಗುತ್ತದೆ.

ಸಂಕ್ರಾಂತಿಯನ್ನೇ ತೆಗೆದುಕೊಳ್ಳಿ. ಜನವರಿ 14 ಅಥವಾ 15ರಂದು ಸೂರ್ಯ ಉತ್ತರಕ್ಕೆ ಹೊರಳುತ್ತಾನೆ ಎಂದು ಎಳ್ಳು ಬೀರುತ್ತೇವೆ. ಮನೆಯ ಅಂಗಳದಲ್ಲಿ ಒಂದು ಕೋಲು ನೆಟ್ಟು ನಡುಮಧ್ಯಾಹ್ನದ ನೆರಳನ್ನು ದಿನವೂ ಗುರುತು ಹಾಕಿ. ನೆರಳು ಅತಿ ಉದ್ದವಾಗಿ, ಮತ್ತೆ ಕುಗ್ಗಲು ತೊಡಗುವುದು ಡಿಸೆಂಬರ್ 21, 22ರ ಹೊತ್ತಿಗೆ. ಉತ್ತರಾಯಣ ಅಂದೇ ಶುರುವಾಗಿರುತ್ತದೆ. ಭೂಮಿಯ ಅಕ್ಷ ಬುಗುರಿಯ ಹಾಗೆ ಸುಮಾರು 26,000 ವರ್ಷಕ್ಕೊಮ್ಮೆ ಒಂದು ಸುತ್ತು ಹಾಕುವುದರಿಂದ ಸುಮಾರು 70 ವರ್ಷಕ್ಕೆ ಒಂದು ದಿನದಂತೆ ಈ ಅಂತರ ಬೆಳೆದಿದೆ. ಸುಮಾರು 1,700 ವರ್ಷಗಳ ಹಿಂದೆ ಎರಡೂ ಒಂದೇ ದಿನ ಕೂಡುತ್ತಿದ್ದವು. ಹಬ್ಬ ಮಾಡಬೇಡಿ ಎನ್ನುತ್ತಿಲ್ಲ. ಸುಗ್ಗಿಯ ಹಬ್ಬ ರೈತರ ಹಬ್ಬ. ಆದರೆ ಅಂಗಳದ ಕೋಲಿನ ನೆರಳು ಹೇಳುವುದನ್ನು ಕೇಳುವ ಕಿವಿ ನಮಗಿರಬೇಕು.

ಇನ್ನು ಗ್ರಹಣ. ಭೂಮಿ ಸೂರ್ಯನನ್ನು ಸುತ್ತುವ ಸಮತಲಕ್ಕೆ ಚಂದ್ರನ ದಾರಿ ಸುಮಾರು 5 ಡಿಗ್ರಿ ಓರೆಯಾಗಿದೆ. ಆದ್ದರಿಂದಲೇ ಪ್ರತಿ ಅಮಾವಾಸ್ಯೆಗೆ ಸೂರ್ಯಗ್ರಹಣವಿಲ್ಲ, ಪ್ರತಿ ಹುಣ್ಣಿಮೆಗೆ ಚಂದ್ರಗ್ರಹಣವಿಲ್ಲ. ಚಂದ್ರನ ದಾರಿ ಆ ಸಮತಲವನ್ನು ದಾಟುವ ಎರಡು ಬಿಂದುಗಳಿಗೆ ರಾಹು, ಕೇತು ಎಂದು ಹೆಸರು. ಅಲ್ಲಿ ಹಾವಿಲ್ಲ, ತಲೆಯಿಲ್ಲ, ಒಂದು ಕಲ್ಲೂ ಇಲ್ಲ. ಗ್ರಹಣವೆಂದರೆ ನೆರಳು ಎಂದು ಕ್ರಿ.ಶ. 499ರಲ್ಲೇ ಆರ್ಯಭಟ ಬರೆದಿಟ್ಟ. ಅದಾಗಿ 1,500 ವರ್ಷಗಳ ಮೇಲೆ, 2019ರ ಡಿಸೆಂಬರ್ 26ರ ಸೂರ್ಯಗ್ರಹಣದ ಹೊತ್ತಿನಲ್ಲಿ, ಶರಣರ ನೆಲವಾದ ಕಲಬುರಗಿ ಜಿಲ್ಲೆಯಲ್ಲಿ ಅಂಗವಿಕಲ ಮಕ್ಕಳನ್ನು ಕುತ್ತಿಗೆಯವರೆಗೆ ಮಣ್ಣಿನಲ್ಲಿ ಹೂತರು, ವೈಕಲ್ಯ ವಾಸಿಯಾದೀತೆಂದು. ಆ ತಂದೆ ತಾಯಂದಿರನ್ನು ಬೈದು ಪ್ರಯೋಜನವಿಲ್ಲ. ಮಕ್ಕಳ ಮೇಲಿನ ಪ್ರೀತಿಯಿಂದಲೇ ಅವರು ಹಾಗೆ ಮಾಡಿದರು. ಆ ನೆರಳು ಎಲ್ಲಿಂದ ಬರುತ್ತದೆ, ಅದರಿಂದ ಏನಾಗುತ್ತದೆ, ಏನಾಗುವುದಿಲ್ಲ ಎಂದು ಅವರ ಹಳ್ಳಿಗೆ ಹೋಗಿ ತಿಳಿಹೇಳುವವರು ಇರಲಿಲ್ಲ. ಆ ಕೆಲಸ ಯಾರದು ಎಂದು ನಾವು ಕೇಳಿಕೊಳ್ಳಬೇಕು.

ನಮ್ಮ ಹೆಣ್ಣುಮಕ್ಕಳ ಬದುಕನ್ನು ನೇರವಾಗಿ ತಟ್ಟುವುದು ಕುಜದೋಷ. ಓದಿದ, ದುಡಿಯುವ, ಗುಣವಂತ ಹುಡುಗಿಯನ್ನು ಮಂಗಳ ಇಂಥ ಮನೆಯಲ್ಲಿದ್ದಾನೆ ಎಂಬ ಒಂದೇ ಕಾರಣಕ್ಕೆ ಬೇಡವೆನ್ನುತ್ತಾರೆ. ಖಗೋಳದ ಪಾಠದಲ್ಲಿ ಇದಕ್ಕೊಂದು ಸರಳ ಲೆಕ್ಕವಿದೆ. ವಸ್ತುವಿನ ತೂಕ ಹೆಚ್ಚಾದಷ್ಟೂ ಅದರ ಸೆಳೆತ ಹೆಚ್ಚು. ದೂರ ಎರಡರಷ್ಟಾದರೆ ಸೆಳೆತ ನಾಲ್ಕನೇ ಒಂದು ಭಾಗ. ಮಂಗಳ ಭೂಮಿಗೆ ಅತಿ ಸಮೀಪ ಬಂದಾಗಲೂ ಸುಮಾರು 5.5 ಕೋಟಿ ಕಿಲೋಮೀಟರ್ ದೂರ. ಲೆಕ್ಕ ಹಾಕಿದರೆ, ಹೆರಿಗೆಯ ಹೊತ್ತಿನಲ್ಲಿ ಅರ್ಧ ಮೀಟರ್ ಹತ್ತಿರ ಕುಳಿತ 60 ಕಿಲೋ ತೂಕದ ಸೂಲಗಿತ್ತಿಯ ಸೆಳೆತವೇ ಆ ಮಂಗಳನ ಸೆಳೆತಕ್ಕಿಂತ ತುಸು ಹೆಚ್ಚು. ಮಂಗಳ ದೂರ ಸರಿದಾಗಲಂತೂ ಹೋಲಿಕೆಯೇ ಇಲ್ಲ. ಹುಟ್ಟುವ ಕೂಸಿನ ಮೇಲೆ ಗ್ರಹಕ್ಕಿಂತ ಸೂಲಗಿತ್ತಿಯ ಕೈ ದೊಡ್ಡದು. ಕಾಯಕವನ್ನು ಪೂಜೆಗಿಂತ ಮಿಗಿಲೆಂದು ತಿಳಿದ ನಮಗೆ ಇದು ಒಪ್ಪುವ ಮಾತು.

'ಅದು ಸೆಳೆತವಲ್ಲ, ನಿಮಗೆ ತಿಳಿಯದ ಬೇರೆ ಶಕ್ತಿ' ಎನ್ನುವವರಿದ್ದಾರೆ. ಆಗಲಿ, ಪರೀಕ್ಷಿಸೋಣ. ಖಗೋಳ ವಿಜ್ಞಾನಿ ಜಯಂತ ನಾರ್ಳೀಕರ್ ಅವರು 2008ರಲ್ಲಿ ಮಹಾರಾಷ್ಟ್ರದಲ್ಲಿ ಇದನ್ನೇ ಮಾಡಿದರು. 100 ಪ್ರತಿಭಾವಂತ ಮಕ್ಕಳ ಮತ್ತು 100 ಬುದ್ಧಿಮಾಂದ್ಯ ಮಕ್ಕಳ ಜಾತಕಗಳನ್ನು ಸಿದ್ಧಪಡಿಸಿ, ಒಬ್ಬೊಬ್ಬ ಜ್ಯೋತಿಷಿಗೆ 40 ಜಾತಕಗಳಂತೆ ಕೊಟ್ಟು, ಯಾವುದು ಯಾವ ಗುಂಪಿನದೆಂದು ಗುರುತಿಸಲು ಕೇಳಿದರು. ಉತ್ತರ ಕಳುಹಿಸಿದ 27 ಜ್ಯೋತಿಷಿಗಳ ಸರಾಸರಿ ಯಶಸ್ಸು ಶೇಕಡಾ 46. ನಾಣ್ಯ ಚಿಮ್ಮಿ ಹೇಳಿದರೂ 50 ಬರುತ್ತದೆ. ಈ ಪರೀಕ್ಷೆಯಲ್ಲಿ ನಾರ್ಳೀಕರರ ಜೊತೆಗಿದ್ದ ನರೇಂದ್ರ ದಾಭೋಲ್ಕರ್ ಅವರನ್ನು 2013ರ ಆಗಸ್ಟ್ 20ರಂದು ಪುಣೆಯಲ್ಲಿ ಗುಂಡಿಕ್ಕಿ ಕೊಂದರು. ಎರಡು ವರ್ಷಗಳ ನಂತರ, ಆಗಸ್ಟ್ 30ರಂದು, ಧಾರವಾಡದಲ್ಲಿ ವಚನ ಸಂಶೋಧಕ ಡಾ. ಎಂ.ಎಂ. ಕಲಬುರ್ಗಿಯವರು ತಮ್ಮ ಮನೆಯ ಬಾಗಿಲಲ್ಲೇ ಗುಂಡಿಗೆ ಬಲಿಯಾದರು. ಪ್ರಶ್ನೆ ಕೇಳುವುದಕ್ಕೆ ತೆರಬೇಕಾದ ಬೆಲೆ ಏನೆಂದು ನಮಗೆ ಬೇರೆ ಯಾರೂ ಹೇಳಬೇಕಾಗಿಲ್ಲ.

ಈ ಪಾಠದಲ್ಲಿ ನಮ್ಮ ಶರಣೆಯರನ್ನು ನೆನಪಿಸುವ ಒಬ್ಬ ಹೆಣ್ಣುಮಗಳೂ ಬರುತ್ತಾಳೆ. ಸಿಸಿಲಿಯಾ ಪೇನ್. ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ಓದು ಮುಗಿಸಿದರೂ ಆಗ ಅಲ್ಲಿ ಹೆಂಗಸರಿಗೆ ಪದವಿ ಕೊಡುತ್ತಿರಲಿಲ್ಲ. ಆಕೆ ಅಮೆರಿಕದ ಹಾರ್ವರ್ಡ್‌ಗೆ ಹೋದರು. ನಕ್ಷತ್ರಗಳ ಬೆಳಕನ್ನು ಬಣ್ಣಬಣ್ಣವಾಗಿ ಬಿಡಿಸಿ ಓದಿ, 1925ರಲ್ಲಿ ನಕ್ಷತ್ರಗಳಲ್ಲಿ ಬಹುಪಾಲು ಇರುವುದು ಜಲಜನಕವೆಂದು ಕಂಡರು. ಅಂದಿನ ಹಿರಿಯ ವಿಜ್ಞಾನಿ ಹೆನ್ರಿ ನಾರಿಸ್ ರಸೆಲ್ ಇದು ಅಸಾಧ್ಯವೆಂದರು. ಕೆಲವೇ ವರ್ಷಗಳಲ್ಲಿ ಬೇರೆ ದಾರಿಯಿಂದ ಅದೇ ಉತ್ತರ ಬಂದಾಗ ಆಕೆಯ ಮಾತೇ ಸರಿಯೆಂದು ಅವರೂ ಒಪ್ಪಿದರು. ಹಿರಿಯರ ಮಾತಲ್ಲ, ಗಂಡಸಿನ ಮಾತಲ್ಲ, ಕೊನೆಗೆ ಉಳಿದದ್ದು ಸಾಕ್ಷ್ಯದ ಮಾತು. ಅದೇ ಪಾಠ ಮುಂದುವರಿದು ನಮ್ಮ ರಕ್ತದ ಕಬ್ಬಿಣ, ಮೂಳೆಯ ಸುಣ್ಣ ಎಂದೋ ಸತ್ತ ನಕ್ಷತ್ರಗಳಲ್ಲಿ ಬೆಂದದ್ದು ಎಂದು ತೋರಿಸುತ್ತದೆ. ಆ ಕುಲುಮೆಯಲ್ಲಿ ಮೇಲುಕುಲದ ಕಬ್ಬಿಣ, ಕೀಳುಕುಲದ ಕಬ್ಬಿಣ ಎಂದು ಬೇರೆ ಬೇರೆ ಇರಲಿಲ್ಲ.

ಇಲ್ಲಿ ಒಂದು ಎಚ್ಚರಿಕೆಯ ಮಾತು ಹೇಳಬೇಕು. 'ಶರಣರು 12ನೇ ಶತಮಾನದಲ್ಲೇ ಮಹಾಸ್ಫೋಟವನ್ನು ಹೇಳಿದ್ದರು, ಅಲ್ಲಮಪ್ರಭುಗಳ ಶೂನ್ಯವೇ ವಿಜ್ಞಾನಿಗಳ ನಿರ್ವಾತ' ಎಂದು ನಮ್ಮ ವೇದಿಕೆಗಳಿಂದ ಹೇಳುವುದುಂಟು. ಇದು ಬೇಡ. ಎಲ್ಲವೂ ನಮ್ಮ ಗ್ರಂಥದಲ್ಲಿದೆ ಎನ್ನುವವರ ಸಾಲಿಗೆ ನಾವೂ ಸೇರಿದಂತಾಗುತ್ತದೆ. ಶರಣರ ಹಿರಿಮೆ ನಕ್ಷತ್ರಗಳ ಲೆಕ್ಕದಲ್ಲಿಲ್ಲ. ಅಂಬಿಗ, ಮಡಿವಾಳ, ಸಮಗಾರ, ಹೆಣ್ಣು, ಗಂಡು ಎಲ್ಲರೂ ಒಂದೇ ಮಂಟಪದಲ್ಲಿ ಕುಳಿತು ಕೇಳಬಹುದು, ಉತ್ತರಿಸಬಹುದು, ಒಪ್ಪದಿದ್ದರೆ ಒಪ್ಪೆನೆನ್ನಬಹುದು ಎಂದು ತೋರಿಸಿದ್ದರಲ್ಲಿದೆ. ಅರಿವೇ ಗುರು ಎಂದವರಿಗೆ ಹೊಸ ಅರಿವಿನ ಭಯವಿಲ್ಲ. ಆಕಾಶದ ಅಳತೆ ತಿಳಿದರೆ ಭಕ್ತಿ ಕುಂದುತ್ತದೆ ಎನ್ನುವವರು ಭಯವನ್ನೇ ಭಕ್ತಿ ಎಂದುಕೊಂಡಿದ್ದಾರೆ.

ಕೊನೆಗೆ ಮೂರು ಬಿನ್ನಹ. ಒಂದು, ನಮ್ಮ ಮಠಗಳು ನಡೆಸುವ ಕಾಲೇಜುಗಳಲ್ಲಿ ಕಲೆ, ವಾಣಿಜ್ಯದ ಮಕ್ಕಳಿಗೂ ಒಂದು ಸೆಮಿಸ್ಟರಿನ ಖಗೋಳ ಪಾಠವನ್ನು ಐಚ್ಛಿಕವಾಗಿ ಕೊಡಿ. ಅದಕ್ಕೆ ದೊಡ್ಡ ಪ್ರಯೋಗಾಲಯ ಬೇಡ. ಒಂದು ಸಣ್ಣ ದೂರದರ್ಶಕ, ಒಬ್ಬ ಆಸಕ್ತ ಅಧ್ಯಾಪಕ, ಮಾಳಿಗೆಯ ಮೇಲೆ ಕತ್ತಲಿರುವ ಜಾಗ ಸಾಕು. ಎರಡು, ಗ್ರಹಣದ ದಿನ ಮಠದ ಬಾಗಿಲು ತೆರೆದಿರಲಿ, ದಾಸೋಹ ಎಂದಿನಂತೆ ನಡೆಯಲಿ, ಸುರಕ್ಷಿತ ಕನ್ನಡಕದಿಂದ ಊರ ಮಕ್ಕಳಿಗೆ ಸೂರ್ಯನನ್ನು ತೋರಿಸಿ. ಪೂಜ್ಯರು ಅಂಗಳಕ್ಕೆ ಬಂದು ನಿಂತರೆ ನೂರು ಉಪನ್ಯಾಸದ ಕೆಲಸ ಆ ಒಂದು ಗಳಿಗೆಯಲ್ಲಿ ಆಗುತ್ತದೆ. ಮೂರು, ವಿದ್ಯಾರ್ಥಿಗಳೇ, ನೀವು ಈ ಪಾಠ ಕಲಿತು ಮನೆಗೆ ಹೋದಾಗ ಹಿರಿಯರನ್ನು ಹಂಗಿಸಬೇಡಿ. ಕೋಲಿನ ನೆರಳು ತೋರಿಸಿ, ಸೂಲಗಿತ್ತಿಯ ಲೆಕ್ಕ ಬಿಡಿಸಿ ಹೇಳಿ. ಅಕ್ಕನ ಮದುವೆಯ ಮಾತು ಬಂದಾಗ ಜಾತಕವನ್ನು ಪಕ್ಕಕ್ಕಿಡಲು ನಿಮ್ಮ ಆ ಮಾತು ನೆರವಾಗಲಿ.