ಕುರ್ಚಿಯಲ್ಲಿ ನಮಾಝ್: ನಾಚಿಕೆ ಯಾಕೆ?

(ಜುಮಾ ಖುತ್ಬಾದ ಸಾರಾಂಶ)

ಸತ್ಯವಿಶ್ವಾಸಿಗಳೇ, ಅಲ್ಲಾಹನನ್ನು ಭಯಪಡಿರಿ.

ನಮ್ಮ ಜಮಾಅತಿನ ಹಿರಿಯರೊಬ್ಬರು ಎರಡು ತಿಂಗಳಿಂದ ಮಸೀದಿಗೆ ಬಂದಿರಲಿಲ್ಲ. ಮನೆಗೆ ಹೋಗಿ ವಿಚಾರಿಸಿದೆ. "ಉಸ್ತಾದರೇ, ಸುಜೂದಿಗೆ ಹೋದರೆ ಮೇಲೇಳಲು ಆಗುವುದಿಲ್ಲ. ಕುರ್ಚಿಯಲ್ಲಿ ಕೂತರೆ ಹುಡುಗರು ನಗುತ್ತಾರೆ" ಎಂದರು. ನಕ್ಕವರು ಯಾರೆಂದು ನಾನು ಕೇಳಲಿಲ್ಲ. ಇಂದಿನ ಮಾತು ಅವರಿಗೂ ಸೇರಿದೆ.

ಇಮ್ರಾನ್ ಬಿನ್ ಹುಸೈನ್(ರ)ರಿಗೆ ಮೂಲವ್ಯಾಧಿ ಇತ್ತು. ನಮಾಝ್ ಹೇಗೆ ಮಾಡಲಿ ಎಂದು ಅವರು ಪ್ರವಾದಿ(ಸ)ರಲ್ಲಿ ಕೇಳಿದರು. ನಿಂತು ಮಾಡಬೇಕು, ಆಗದಿದ್ದರೆ ಕುಳಿತು, ಅದೂ ಆಗದಿದ್ದರೆ ಮಗ್ಗುಲಾಗಿ ಮಲಗಿ ಮಾಡಬಹುದು ಎಂದು ಪ್ರವಾದಿ(ಸ) ತಿಳಿಸಿದರು. ಬುಖಾರಿಯಲ್ಲಿ ಈ ವರದಿ ಇದೆ. ಪ್ರವಾದಿಯವರೇ ಕೊಟ್ಟ ರಿಯಾಯಿತಿಯನ್ನು ನೋಡಿ ನಗುವವರು ಸ್ವಲ್ಪ ಯೋಚಿಸಲಿ. ಹಾಗೆಂದು ಸಣ್ಣ ನೋವಿಗೆಲ್ಲ ಕುರ್ಚಿ ಎಳೆದುಕೊಳ್ಳುವುದೂ ಸರಿಯಲ್ಲ. ನಿಲ್ಲಲಾಗುತ್ತದೆ, ಸುಜೂದ್ ಮಾತ್ರ ಆಗುವುದಿಲ್ಲ ಎನ್ನುವವರ ವಿಷಯದಲ್ಲಿ ಮದ್‌ಹಬ್‌ಗಳ ನಡುವೆ ವ್ಯತ್ಯಾಸವಿದೆ. ಅಂಥವರು ನನ್ನಲ್ಲಿ ಬಂದು ಕೇಳಿರಿ.

ದೇಹ ಅಲ್ಲಾಹನ ಅಮಾನತ್. ವಯಸ್ಸಾದಂತೆ ಮೊಣಕಾಲಿನ ಮೂಳೆತುದಿಯ ಮೃದ್ವಸ್ಥಿ ಸವೆಯುತ್ತದೆ. ಹಳೆಯ ಪೆಟ್ಟು, ಗಂಟೆಗಟ್ಟಲೆ ಮಂಡಿಯೂರಿ ಟೈಲ್ಸ್ ಹಾಕುವಂಥ ಕೆಲಸ, ಅಧಿಕ ತೂಕ ಅದನ್ನು ಹೆಚ್ಚಿಸುತ್ತವೆ. ಒಂದು ಕಿಲೋ ತೂಕ ಇಳಿಸಿದರೆ ಪ್ರತಿ ಹೆಜ್ಜೆಯಲ್ಲೂ ಮೊಣಕಾಲಿನ ಮೇಲಿನ ಭಾರ ಸುಮಾರು 4 ಕಿಲೋ ಇಳಿಯುತ್ತದೆ. ವಲೀಮಾದ ಬಿರಿಯಾನಿಯ ಮುಂದೆ ಇದು ನೆನಪಿರಲಿ, ನನ್ನನ್ನೂ ಸೇರಿಸಿಯೇ ಹೇಳುತ್ತಿದ್ದೇನೆ.

ಮೆಟ್ಟಿಲು ಹತ್ತಿಳಿಯುವಾಗ ನೋವು, ಬೆಳಿಗ್ಗೆ ಎದ್ದಾಗ ಸ್ವಲ್ಪ ಹೊತ್ತು ಬಿಗಿತ, ಮಡಚುವಾಗ ಕಟಕಟ ಸದ್ದು, ಇವು ಸವೆತದ ಲಕ್ಷಣಗಳು. ಬಿಗಿತ ಒಂದು ಗಂಟೆಗೂ ಹೆಚ್ಚು ಉಳಿದು ಬೆರಳ ಗಂಟುಗಳೂ ಊದುತ್ತಿದ್ದರೆ ಅದು ಬೇರೆ ರೀತಿಯ ವಾತವಿರಬಹುದು, ಬೇಗ ವೈದ್ಯರಿಗೆ ತೋರಿಸಬೇಕು. ಮೊಣಕಾಲು ಏಕಾಏಕಿ ಕೆಂಪಾಗಿ, ಬಿಸಿಯಾಗಿ ಊದಿ ಜ್ವರವೂ ಬಂದರೆ ಅದೇ ದಿನ ಆಸ್ಪತ್ರೆಗೆ ಹೋಗಲೇಬೇಕು. ಮೆಡಿಕಲ್‌ನಿಂದ ನೋವಿನ ಮಾತ್ರೆ ತಂದು ತಿಂಗಳುಗಟ್ಟಲೆ ನುಂಗುವವರಿದ್ದಾರೆ. ಅದರಿಂದ ಹೊಟ್ಟೆಯಲ್ಲಿ ಹುಣ್ಣಾಗಬಹುದು, ಕಿಡ್ನಿ ಕೆಡಬಹುದು.

ಐವತ್ತು ದಾಟಿದ ಹೆಂಗಸರಲ್ಲಿ ಈ ನೋವು ಗಂಡಸರಿಗಿಂತ ಹೆಚ್ಚು. ಆದರೆ ನೆಲದಲ್ಲಿ ಕೂತು ಬೀಡಿ ಕಟ್ಟಿ ನಮ್ಮನ್ನು ಓದಿಸಿದ ತಾಯಂದಿರು ಬಾಯಿ ಬಿಟ್ಟು ಹೇಳುವುದಿಲ್ಲ. ಇಂದು ಮನೆಗೆ ಹೋಗಿ ಉಮ್ಮನಲ್ಲಿ ಕೇಳಿರಿ, ಸುಜೂದಿನಿಂದ ಏಳುವಾಗ ಏನನ್ನು ಹಿಡಿದು ಏಳುತ್ತೀರಿ ಎಂದು.

ಮುಂದಿನ ಶುಕ್ರವಾರದಿಂದ ಸಫ್‌ಗಳ ತುದಿಯಲ್ಲಿ ಆರು ಕುರ್ಚಿಗಳಿರುತ್ತವೆ. ಆ ಹಿರಿಯರನ್ನು ಕರೆತರಲು ನಾನೇ ಹೋಗುತ್ತೇನೆ. ನಕ್ಕ ಹುಡುಗರು ಜೊತೆಗೆ ಬಂದರೆ ಸಂತೋಷ.